ಅಳತೆಯ ಭುಜ

ಮೊದಲಿಗೇ ಒಂದು ಮಾತು. ಇದು ವೈದ್ಯಕೀಯ ಓದಿದವರು ಹೇಳಬೇಕಾದ ಕಥೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ನಾಲ್ಕಕ್ಷರ ಕಲಿತವರು ಇಂಥದ್ದಕ್ಕೆ ಕೈ ಹಾಕುವುದು ಅಧಿಕಪ್ರಸಂಗವೆಂದು ಯಾರಾದರೂ ಅಂದರೆ ಇಲ್ಲವೆನ್ನಲಾಗದು. ಯಂತ್ರದ ವಿವರಗಳಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು. ಇದರಲ್ಲಿ ಬರುವ ಹುಲಿಗೆಮ್ಮನ ಭಯವನ್ನು ಹೇಳುವಲ್ಲಿ ಮಾತ್ರ ಆದಷ್ಟು ಎಚ್ಚರ ವಹಿಸಲಾಗಿದೆ. ಹೇಳದೆ ಸುಮ್ಮನಿದ್ದರೆ ಅದು ಇನ್ನೂ ದೊಡ್ಡ ತಪ್ಪಾದೀತು ಎಂಬ ಅಂಜಿಕೆಯೂ ಇದನ್ನು ಬರೆಸಿದೆ.

ಗಂಟು ಇದೆಯೆಂದು ಮೊದಲು ತೋರಿಸಿಕೊಟ್ಟದ್ದು ಅಕ್ಕಿಚೀಲ. ಅಕ್ಕಿ ಗಿರಣಿಯ ಹಮಾಲ ಯಮನೂರಪ್ಪನ ಬಲಭುಜದ ಮೇಲೆ ಇಪ್ಪತ್ತು ವರ್ಷ ಗುಬ್ಬಿಯಂತೆ ಕೂತಿದ್ದ ಚೀಲ ಅವತ್ತು ಕೂರಲಿಲ್ಲ. ಎತ್ತಿ ಇಟ್ಟುಕೊಂಡ ಕೂಡಲೇ ಒಂದು ಕಡೆಗೆ ಉರುಳಿತು. ಎರಡನೆಯ ಸಲವೂ ಉರುಳಿ, ಹೊಲಿಗೆ ಬಿಚ್ಚಿ, ಅಕ್ಕಿ ನೆಲಕ್ಕೆ ಚೆಲ್ಲಿತು.

"ಏನಲೇ, ಮದುವಿಗೆ ಅಕ್ಷತಾ ಹಾಕಾಕತ್ತೀಯೇನು?" ಎಂದು ಹಮಾಲರ ಮುಖಂಡ ಮೌಲಾಸಾಬ ನಕ್ಕ. ಹತ್ತಿರ ಬಂದು ಭುಜ ಮುಟ್ಟಿ ನೋಡಿದವನೇ ನಗುವುದನ್ನು ನಿಲ್ಲಿಸಿದ. "ಇಲ್ಲೊಂದು ಮೊದಲ ಕುಂತೈತಲ್ಲೋ ಮಾರಾಯ. ಎರಡು ಹೆಂಗ ಕುಂದರ್ತಾವು?"

ಆ ಊರಿನ ಗಿರಣಿಗಳಲ್ಲಿ ಆ ಹೊತ್ತಿಗೆ ಭತ್ತ ಸುಲಿಯುವುದಕ್ಕೆ, ಅಕ್ಕಿ ಆರಿಸುವುದಕ್ಕೆ, ಚೀಲ ಹೊಲಿಯುವುದಕ್ಕೆ ಎಲ್ಲದಕ್ಕೂ ಯಂತ್ರಗಳು ಬಂದಿದ್ದವು. ಗೋದಾಮಿನ ಮೂಲೆಯಲ್ಲಿ ಸೂರು ಮುಟ್ಟುವಂತೆ ಚೀಲ ಒಟ್ಟುವ ಕೆಲಸ ಮಾತ್ರ ಇನ್ನೂ ಮನುಷ್ಯರ ಭುಜಕ್ಕೇ ಉಳಿದಿತ್ತು. ಬೇರೆ ಗಿರಣಿಗಳಲ್ಲಿ ಹಮಾಲರು ರೂಢಿಯಾದ ಒಂದೇ ಭುಜದ ಮೇಲೆ ಹೊರುತ್ತಿದ್ದರು. ಮೌಲಾಸಾಬನ ಗುಂಪಿನದು ಬೇರೆಯೇ ಕಟ್ಟಳೆ. ಒಂದು ಲಾರಿ ಬಲಕ್ಕೆ, ಮುಂದಿನ ಲಾರಿ ಎಡಕ್ಕೆ. ಒಂದೇ ಕಡೆ ಹೊತ್ತ ಅವನ ಅಪ್ಪ ಕೊನೆಗಾಲಕ್ಕೆ ಬಿಲ್ಲಿನಂತೆ ಬಾಗಿಹೋಗಿದ್ದನಂತೆ. ತನ್ನ ಗುಂಪಿನವರು ಯಾರೂ ಹಾಗೆ ಬಾಗಬಾರದೆಂದು ಅವನು ಈ ಕಟ್ಟಳೆ ಮಾಡಿದ್ದ.

ಅವತ್ತು ಸಂಜೆ ಹುಲಿಗೆಮ್ಮ ಗಂಡನ ಅಂಗಿ ಬಿಚ್ಚಿಸಿ ನೋಡಿದಳು. ಕೈ ಇಳಿಬಿಟ್ಟರೆ ಅಲ್ಲಿ ಏನೂ ಇಲ್ಲ. ಕೈ ಎತ್ತಿ ಬಿಗಿ ಹಿಡಿದರೆ ಮಾಂಸಖಂಡದ ಒಳಗಿನಿಂದ ಒಂದು ಉಬ್ಬು ನಿಧಾನವಾಗಿ ಮೇಲೆದ್ದು ಬರುತ್ತಿತ್ತು. ಒತ್ತಿದರೆ ನೋವಿಲ್ಲ. ಚರ್ಮದ ಕೆಳಗೆ ಜಾರಾಡುವ ಸಾಮಾನ್ಯ ಕೊಬ್ಬಿನ ಗಂಟಿನಂತೆ ಇದು ಜಾರಲೂ ಇಲ್ಲ.

"ನಿಮ್ಮ ದವಾಖಾನಿ ಮಷೀನಿಗೆ ಇದು ತುತ್ತಿಗೂ ಸಾಲೂದಿಲ್ಲ ಬಿಡು," ಎಂದ ಯಮನೂರಪ್ಪ. "ನಾಳೆ ಕರಗಿಸಿಬಿಡು. ನಾಡದು ಲಾರಿ ಬರ್ತಾವು."

ಹುಲಿಗೆಮ್ಮ ಆ ಊರಿನ ಒಂದು ಆಸ್ಪತ್ರೆಯಲ್ಲಿ ಕರಗುಯಂತ್ರದ ಆಪರೇಟರ್ ಆಗಿದ್ದಳು. ಮೊದಲು ಅಲ್ಲಿಯೇ ಕಸ ಗುಡಿಸುತ್ತಿದ್ದವಳು. ಆರು ವರ್ಷ ಸಂಜೆ ಕಾಲೇಜಿಗೆ ಹೋಗಿ, ಆಮೇಲೆ ಮೂರು ತಿಂಗಳ ತರಬೇತಿ ಮುಗಿಸಿ, ಬಿಳಿ ಕೋಟು ಹಾಕಿಕೊಂಡಿದ್ದಳು. ಆ ಕೋಟನ್ನು ಯಾರೋ ಬಂದು ಕಳಚಿಕೊಳ್ಳುತ್ತಾರೆಂಬ ಭಯ ಮಾತ್ರ ಹೋಗಿರಲಿಲ್ಲ. ಪ್ರತಿ ಗುಂಡಿಯನ್ನೂ ಎರಡು ಸಲ ನೋಡಿ ಒತ್ತುವಳು. ಮನೆಗೆ ಬಂದ ಮೇಲೆ ಮೂರನೆಯ ಸಲ ಮನಸ್ಸಿನಲ್ಲಿ ಒತ್ತಿ ನೋಡುವಳು.

ಕರಗುಯಂತ್ರದ ಕೆಲಸ ಕೇಳಲು ಸರಳ. ನೀರು ತುಂಬಿದ ರಬ್ಬರಿನ ಚೀಲವೊಂದನ್ನು ಭುಜದ ಮೇಲೆ ಟೋಪಿಯಂತೆ ಕೂರಿಸುತ್ತಾರೆ. ಕಿವಿಗೆ ಕೇಳದಷ್ಟು ಸಣ್ಣ ಶಬ್ದ ಅದರ ಮೂಲಕ ಒಳಗೆ ಹೋಗಿ ಮರಳುತ್ತದೆ. ಕೊಬ್ಬಿನಿಂದ ಮರಳುವ ಶಬ್ದ ಒಂದು ತರಹ, ಸ್ನಾಯುವಿನದು ಇನ್ನೊಂದು ತರಹ. ಆದರೆ ಒಬ್ಬನ ಕೊಬ್ಬಿನಂತೆ ಇನ್ನೊಬ್ಬನದು ಇರುವುದಿಲ್ಲ. ಹೀಗಾಗಿ ಯಂತ್ರ ಅದೇ ಮನುಷ್ಯನ ಆರೋಗ್ಯವಂತ ಭುಜದಿಂದ ಒಂದು ಅಳತೆ ತೆಗೆದಿಟ್ಟುಕೊಳ್ಳುತ್ತದೆ. ಗಂಟಿನ ಶಬ್ದ ಆ ಅಳತೆಗೆ ಹೊಂದಿದರೆ ಪರದೆಯ ಮೇಲೆ ಹಸಿರು ದೀಪ. ಎಂದರೆ ಬರೀ ಕೊಬ್ಬು, ನಿರುಪದ್ರವಿ. ಆಗ ಅದೇ ಶಬ್ದವನ್ನು ಭೂತಕನ್ನಡಿಯ ಬಿಸಿಲಿನಂತೆ ಒಂದು ಬಿಂದುವಿಗೆ ಕೂಡಿಸಿ ಗಂಟನ್ನು ಒಳಗೊಳಗೇ ಕರಗಿಸುತ್ತದೆ. ಕೊಯ್ತವಿಲ್ಲ, ಹೊಲಿಗೆಯಿಲ್ಲ. ಕರಗಿದ್ದನ್ನು ಮೈಯೇ ಕೆಲವು ವಾರಗಳಲ್ಲಿ ಹೀರಿಕೊಳ್ಳುತ್ತದೆ. ಹೊಂದದಿದ್ದರೆ ಕೆಂಪು ದೀಪ. ಕೊಬ್ಬಿನ ವೇಷದಲ್ಲಿ ಬರುವ ಕೆಟ್ಟ ಗಡ್ಡೆಯೂ ಇರುತ್ತದೆ. ಅಪರೂಪ, ಆದರೆ ಇರುತ್ತದೆ. ಅಂಥವರನ್ನು ದೊಡ್ಡ ಊರಿಗೆ ಕಳಿಸುತ್ತಿದ್ದರು.

ಈ ಯಂತ್ರ ಬರುವ ಮೊದಲು ಸೂಜಿಯಿಂದ ಒಂದು ತುಣುಕು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದರು. ಯಂತ್ರ ಬಂದ ಮೇಲೆ ಆ ಪದ್ಧತಿ ನಿಂತಿತ್ತು. ಸೂಕ್ಷ್ಮದರ್ಶಕ ನೋಡುತ್ತಿದ್ದ ಡಾಕ್ಟರರ ಕೋಣೆಯಲ್ಲಿ ಈಗ ಆಸ್ಪತ್ರೆಯ ಹಳೆಯ ಹಾಸಿಗೆಗಳನ್ನು ತುಂಬಿದ್ದರು.

ಮರುದಿನ ಯಮನೂರಪ್ಪನನ್ನು ಮಂಚದ ಮೇಲೆ ಕೂರಿಸಿ ಹುಲಿಗೆಮ್ಮ ಯಂತ್ರದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದಳು. ಗಂಡನಾದರೂ ನಿಯಮ ನಿಯಮವೇ.

"ಭಾರ ಹೊರೋದು ಯಾವ ಭುಜದ ಮ್ಯಾಲೆ?"

"ಎರಡೂ."

ಪರದೆಯ ಮೇಲೆ ಎರಡೇ ಚೌಕಗಳಿದ್ದವು, ಬಲ ಮತ್ತು ಎಡ. ಎರಡನ್ನೂ ಒತ್ತಲು ಬರುತ್ತಿರಲಿಲ್ಲ.

"ಯಾವುದಾರ ಒಂದು ಹೇಳ್ರಿ."

"ಅದೇನು ಗಂಡಾ ಹೆಣ್ಣಾ, ಒಂದು ಹೇಳಾಕ? ಎರಡೂ ಅಂದ್ನೆಲ್ಲ. ನಿಂಗ ಬೇಕಾದ್ದು ಒತ್ತು."

ಗಂಟು ಬಲಗಡೆ ಇತ್ತು. ಹುಲಿಗೆಮ್ಮ ಬಲ ಎಂದು ಒತ್ತಿದಳು. ಭಾರ ಹೊರದ ಭುಜ ಎಡದ್ದೆಂದು ಲೆಕ್ಕಹಾಕಿದ ಯಂತ್ರ ಅದನ್ನೇ ಆರೋಗ್ಯವಂತ ಭುಜವೆಂದು ತಿಳಿದು ಅದರಿಂದ ಅಳತೆ ತೆಗೆದುಕೊಂಡಿತು.

ಗಂಟಿನ ಚಿತ್ರ ಮೂಡಿದಾಗ ಅವಳು ಪರದೆಗೆ ಹತ್ತಿರ ಬಾಗಿದಳು. ಬಿಳಿಯ ಕೊಬ್ಬಿನ ನಡುವೆ ಕಪ್ಪು ಎಳೆಗಳು ಹಾಯ್ದಿದ್ದವು. ಸ್ನಾಯುವಿನ ಒಳಗೆ ಬೆಳೆಯುವ ಕೊಬ್ಬಿನ ಗಂಟಿನಲ್ಲಿ ಸ್ನಾಯುವಿನ ಎಳೆಗಳು ಸಿಕ್ಕಿಕೊಂಡಿರುವುದು ಸಹಜವೆಂದು ತರಬೇತಿಯಲ್ಲಿ ಹೇಳಿದ್ದರು. ಎಳೆ ದಪ್ಪನಾಗಿದ್ದರೆ ಅನುಮಾನಿಸಬೇಕೆಂದೂ ಹೇಳಿದ್ದರು. ಇವು ತೆಳ್ಳಗಿವೆಯೋ ದಪ್ಪಗಿವೆಯೋ? ಅವಳು ಡಾಕ್ಟರ್ ಶಶಿರೇಖಾ ಅವರನ್ನು ಕರೆದು ತೋರಿಸಿದಳು.

"ಇದು ಒಂಚೂರು ದಪ್ಪ ಕಾಣಸ್ತೈತಲ್ರೀ ಮೇಡಂ?"

ಡಾಕ್ಟರು ಕನ್ನಡಕ ಏರಿಸಿಕೊಂಡು ನೋಡುತ್ತಿರುವಾಗಲೇ ಹಸಿರು ದೀಪ ಬಂತು. ಅಳತೆಗೆ ನೂರಕ್ಕೆ ತೊಂಬತ್ತೆಂಟು ಹೊಂದಿಕೆ.

"ತೊಂಬತ್ತೆಂಟು! ಇಷ್ಟು ಚಲೋ ಹೊಂದಿದ್ದು ನಾ ಇನ್ನೂ ನೋಡಿಲ್ಲ," ಎಂದರು ಡಾಕ್ಟರು. "ಹಮಾಲಿ ಮಾಡೋರ ಸ್ನಾಯು ದಪ್ಪ ಇರ್ತದ, ಎಳಿ ದಪ್ಪ ಕಾಣ್ತಾವ. ಗಂಡ ಅಂತ ಕೈ ನಡಗಬಾರದು ಹುಲಿಗೆಮ್ಮ. ಒತ್ತು."

ಹುಲಿಗೆಮ್ಮ ಎರಡು ಸಲ ನೋಡಿ ಒತ್ತಿದಳು. ನಲವತ್ತು ನಿಮಿಷಗಳಲ್ಲಿ ಗಂಟು ಕರಗಿತು. ಯಮನೂರಪ್ಪ ಅಷ್ಟೂ ಹೊತ್ತು ಒಂದು ನಿದ್ದೆ ತೆಗೆದ.

ಹನ್ನೊಂದು ದಿನ ಕಳೆದವು. ಒಂದು ಭಾನುವಾರ ಬೆಳಿಗ್ಗೆ ಯಮನೂರಪ್ಪ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟುತ್ತಿದ್ದ. ಮೈಮೇಲೆ ಬನಿಯನ್ ಇರಲಿಲ್ಲ. ಎರಡೂ ಕೈ ಮೇಲೆತ್ತಿ ಹಗ್ಗವನ್ನು ಬಿಗಿಯಾಗಿ ಜಗ್ಗಿದ. ಹಿಂಡಿದ ಸೀರೆ ಹಿಡಿದು ನಿಂತಿದ್ದ ಹುಲಿಗೆಮ್ಮನ ಕಣ್ಣೆದುರಿಗೆ, ಬಲಭುಜದಲ್ಲಿ ಎದ್ದಿದ್ದಂಥದೇ ಉಬ್ಬು ಎಡಭುಜದ ಒಳಗಿನಿಂದ ನಿಧಾನವಾಗಿ ಎದ್ದು ಬಂತು. ಹಗ್ಗ ಸಡಿಲಿಸಿದ ಕೂಡಲೇ ಒಳಗೆ ಹೋಯಿತು.

"ಯಾಕ, ದೆವ್ವ ಕಂಡಂಗ ನಿಂತೀ?" ಎಂದ ಅವನು.

"ಏನಿಲ್ರಿ. ಎಡಗಡೇನೂ ಒಂದು ಸಣ್ಣದು ಐತಿ ಅನಸ್ತೈತಿ."

"ಇರಲಿ ಬಿಡು. ಜೋಡಿ ಬಸವಣ್ಣ," ಎಂದು ಅವನು ನಕ್ಕ.

ಅವಳಿಗೆ ನಗಲಾಗಲಿಲ್ಲ. ತೊಂಬತ್ತೆಂಟು ಎಲ್ಲಿಂದ ಬಂತೆಂದು ಅವಳಿಗೆ ಆ ಕ್ಷಣದಲ್ಲಿ ತಿಳಿದಿತ್ತು. ಯಂತ್ರ ಬಲಗಡೆಯ ಗಂಟನ್ನು ಒಳ್ಳೆಯ ಕೊಬ್ಬಿಗೆ ಹೋಲಿಸಿ ನೋಡಿರಲಿಲ್ಲ. ಎಡಗಡೆ ಅಡಗಿದ್ದ ಇನ್ನೊಂದು ಗಂಟಿಗೆ ಹೋಲಿಸಿತ್ತು. ಎರಡೂ ಒಂದೇ ಆಗಿದ್ದರಿಂದ ಹೊಂದಿದವು. ಅವು ಒಳ್ಳೆಯವೋ ಕೆಟ್ಟವೋ ಎಂಬ ಪ್ರಶ್ನೆಯನ್ನು ಯಂತ್ರ ಕೇಳಿಯೇ ಇರಲಿಲ್ಲ.

ಸೋಮವಾರ ಎಲ್ಲರಿಗಿಂತ ಮುಂಚೆ ಆಸ್ಪತ್ರೆಗೆ ಹೋಗಿ ಯಂತ್ರದ ಕೈಪಿಡಿ ತೆಗೆದಳು. ಇಂಗ್ಲಿಷ್ ಕೈಪಿಡಿ. ತರಬೇತಿಯಲ್ಲಿ ಅರ್ಥವಾಗದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಆಮೇಲೆ ಯಾರನ್ನಾದರೂ ಕೇಳಿದರಾಯಿತು ಎಂದು ಬಿಟ್ಟಿದ್ದಳು. ನಿಘಂಟು ಇಟ್ಟುಕೊಂಡು ಒಂದೊಂದೇ ಪದ ಬಿಡಿಸಿದಳು. ಎರಡೂ ಭುಜಗಳು ಸಮನಾಗಿ ಭಾರ ಹೊತ್ತಿದ್ದರೆ ಈ ಪ್ರಶ್ನೆಗೆ ಉತ್ತರ ಕೊಡದೆ ಖಾಲಿ ಬಿಡಬೇಕು. ಆಗ ಯಂತ್ರ ತೊಡೆಯಿಂದ ಅಳತೆ ತೆಗೆದುಕೊಳ್ಳುತ್ತದೆ.

ಖಾಲಿ ಬಿಡಬೇಕಿತ್ತು. ಅವಳಿಗೆ ಸಂಜೆ ಕಾಲೇಜು ಕಲಿಸಿದ್ದು ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು.

ಡಾಕ್ಟರ್ ಶಶಿರೇಖಾ ಬಂದ ಕೂಡಲೇ ಎಲ್ಲ ಹೇಳಿದಳು. ಬೈಯುತ್ತಾರೆ, ಕೋಟು ಬಿಚ್ಚಿಡು ಎನ್ನುತ್ತಾರೆ ಎಂದುಕೊಂಡಿದ್ದಳು. ಡಾಕ್ಟರು ಬೈಯಲಿಲ್ಲ. ಉಳಿಸಿಟ್ಟ ಎಡಭುಜದ ಚಿತ್ರವನ್ನು ತೆರೆದು ಬಹಳ ಹೊತ್ತು ನೋಡಿದರು. ಅಲ್ಲಿಯೂ ಅದೇ ಎಳೆಗಳು.

"ನೀ ದಪ್ಪ ಅಂದಿದ್ದಿ," ಎಂದರು ಕೊನೆಗೆ. "ನಾನೇ ಒತ್ತು ಅಂದೆ."

"ಬರೀ ಕೊಬ್ಬು ಇರಬಹುದಲ್ರೀ ಮೇಡಂ?"

"ಇರಬಹುದು. ಅದೇ ಇರೋದು ಹೆಚ್ಚು. ಈ ತರಹದ್ದು ಹತ್ತರಾಗ ಒಂಬತ್ತು ಬರೀ ಕೊಬ್ಬೇ ಇರ್ತಾವ."

"ಹತ್ತನೇದಾಗಿದ್ರ?"

ಡಾಕ್ಟರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆಗಿದ್ರ, ಕರಗಿಸಿದಾಗ ಎಲ್ಲಾ ಸತ್ತಿರಬಹುದು. ಇಲ್ಲಾ ಅರ್ಧಾ ಉಳಿದು ಆಳಕ್ಕ ಇಳಿಬಹುದು. ಬಲಗಡೆ ನೋಡಿ ಹೇಳಾಕ ಈಗ ಏನೂ ಇಲ್ಲ. ಆದ್ರ ಎಡಗಡೇದು ಐತಲ್ಲ! ಎರಡೂ ಒಂದೇ ಜಾತಿ. ತೊಡಿಯಿಂದ ಅಳತಿ ತೆಗೆದ್ರೂ ಇನ್ನ ಮಷೀನ್ ನಂಬಾಕ ಬರೂದಿಲ್ಲ. ಅದರಿಂದ ಒಂದು ತುಣುಕು ತೆಗೆದು ನೋಡಿದ್ರ ಎರಡರ ಹಣೇಬರಹಾನೂ ತಿಳೀತದ. ಅದನ್ನ ಯಾರೂ ಮುಟ್ಟಬಾರದು."

ಕೆಂಪು ದೀಪ ಬಾರದವರನ್ನು ದೊಡ್ಡ ಊರಿನವರು ತೆಗೆದುಕೊಳ್ಳುತ್ತಿರಲಿಲ್ಲ. ತುಣುಕು ತೆಗೆಯುವ ಸೂಜಿ ಈಗ ಇಡೀ ಜಿಲ್ಲೆಯಲ್ಲಿ ಎಲ್ಲಿಯೂ ಇರಲಿಲ್ಲ. ದೂರದ ನಗರದ ಒಂದು ಹಳೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ನೋಡಬಲ್ಲವರು ಒಬ್ಬರು ಇನ್ನೂ ಇದ್ದಾರೆಂದು ಡಾಕ್ಟರು ನೆನಪು ಮಾಡಿಕೊಂಡು ಆಗಿಂದಾಗಲೇ ಪತ್ರ ಬರೆದರು. ಸೂಜಿ, ಸೀಸೆ ಅಲ್ಲಿಂದಲೇ ಬರಬೇಕು. ಎರಡು ವಾರವಾದರೂ ಬೇಕು.

ಆ ದಿನ ಮನೆಗೆ ನಡೆದು ಬರುವಾಗ, ಗಂಡನಿಗೆ ಹೇಗೆ ಹೇಳಬೇಕೆಂದು ಹುಲಿಗೆಮ್ಮ ದಾರಿಯುದ್ದಕ್ಕೂ ವಾಕ್ಯ ಜೋಡಿಸಿದಳು. ಒಂದು ಹೇಳಬೇಕಾದರೆ ಎರಡು ಹೇಳಬೇಕಿತ್ತು. ಅದು ಕ್ಯಾನ್ಸರ್ ಆಗಿರಬಹುದು. ನಾನು ತಪ್ಪು ಒತ್ತಿದೆ. ಮೊದಲನೆಯ ಮಾತು ಬಾಯಿಗೆ ಬಂದರೆ ಎರಡನೆಯದು ಅದರ ಬೆನ್ನಿಗೇ ಬರುತ್ತಿತ್ತು. ಬಾಗಿಲಲ್ಲಿ ಅತ್ತೆ ತಾಯವ್ವ ಶೇಂಗಾ ಬಿಡಿಸುತ್ತ ಕೂತಿದ್ದಳು. ಯಮನೂರಪ್ಪ ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತ. ವಾಕ್ಯಗಳೆಲ್ಲ ಚೆದುರಿಹೋದವು.

"ಡಾಕ್ಟ್ರು ಎಡಗಡೇದರ ಬಗ್ಗೆ ಒಂದು ಪತ್ರ ಬರದಾರಿ. ಅದರ ಉತ್ತರ ಬರಲಿ, ನೋಡೂಣು," ಎಂದಷ್ಟೇ ಹೇಳಿದಳು.

"ಇದಕ್ಕ ಪತ್ರ ಯಾಕ? ಬಲಗಡೇದು ಪತ್ರ ಕೇಳೇನು ಹೋಗಿದ್ದು?"

"ನೋಡೂಣು ಅಂದ್ನೆಲ್ರಿ."

ಮುಟ್ಟಿಸಬೇಡಿ ಎಂದು ಅವಳು ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಅವನು ಕೇಳುತ್ತಿದ್ದ.

ಮುಂದಿನ ಹತ್ತು ದಿನ ಹುಲಿಗೆಮ್ಮ ರೊಟ್ಟಿ ತಟ್ಟಿದಳೇ ಹೊರತು ತಿನ್ನಲಿಲ್ಲ. ಗಂಡ ನೀರಿನ ಕೊಡ ಎತ್ತಿದರೆ ಅವಳ ಕಣ್ಣು ಎಡಭುಜಕ್ಕೆ. ಬಾಗಿಲು ತೆರೆದರೆ, ತಲೆ ಬಾಚಿದರೆ, ಅಂಗಿ ತೊಟ್ಟರೆ ಕಣ್ಣು ಅಲ್ಲಿಗೇ. ಉಬ್ಬು ನಿನ್ನೆಗಿಂತ ದೊಡ್ಡದಾಗಿದೆಯೇ? ಅಥವಾ ನೋಡಿ ನೋಡಿ ಹಾಗೆ ಕಾಣುತ್ತಿದೆಯೇ? ಬೆರಳುಗಳಲ್ಲಿ ಅಳೆಯೋಣವೆಂದು ಅವನ ಭುಜ ತಿಕ್ಕುವ ನೆಪ ಮಾಡುತ್ತಿದ್ದಳು. ಆಸ್ಪತ್ರೆಯಲ್ಲಿ ಹಮಾಲರು ಯಾರು ಬಂದರೂ ಅವರ ಎರಡೂ ಕೈ ಮೇಲೆತ್ತಿಸಿ ನೋಡಿದ ಮೇಲೆಯೇ ಮುಂದಿನ ಕೆಲಸ.

ಇದನ್ನೆಲ್ಲ ತಾಯವ್ವ ನೋಡುತ್ತಿದ್ದಳು.

"ಅಕಿ ಯಾಕ ಹಿಂಗ ಆಗ್ಯಾಳ ಗೊತ್ತೇನು?" ಎಂದಳು ಒಂದು ದಿನ ಮಗನಿಗೆ. "ನಿನ್ನ ಆ ಇನ್ನೊಂದು ಗಂಟಿನ ಚಿಂತಿ. ಕಣ್ಣು ನೋಡು, ಕೊರದ ಬಾವಿ ಆಗ್ಯಾವು. ಎರಡು ಹೊತ್ತು ಉಣ್ಣವಲ್ಲಳು. ಅಕಿ ಸತ್ತ ಮ್ಯಾಲೆ ತೆಗಸ್ಕೊಂತೀಯೇನು?"

"ಪತ್ರ ಬರ್ಲಿ ಅಂತಾಳಬೇ."

"ಪತ್ರ ಬಂದು ಗಂಟು ಕರಗಿಸ್ತೈತೇನು? ಹೆಂಡ್ತಿ ಅಂಜ್ಯಾಳ, ಹೇಳಾಕ ನಾಚ್ಯಾಳ. ಅಷ್ಟೂ ತಿಳಿಯೂದಿಲ್ಲ ನಿಂಗ."

ಕರಗುಯಂತ್ರದ ಇನ್ನೊಂದು ಪ್ರತಿ ವ್ಯಾನಿನಲ್ಲಿ ಕೂತು ತಿಂಗಳಿಗೊಮ್ಮೆ ಗಿರಣಿಗಳಿಗೆ ಬರುತ್ತಿತ್ತು. ಆ ಗುರುವಾರ ಯಮನೂರಪ್ಪನ ಗಿರಣಿಯ ಸರದಿ. ಮಧ್ಯಾಹ್ನದ ಊಟದ ವೇಳೆ ಅವನು ಸಾಲಿನಲ್ಲಿ ನಿಂತ. ವ್ಯಾನಿನ ಆಪರೇಟರ್ ಹೊಸಬ, ಯಾವುದೋ ಬೇರೆ ಜಿಲ್ಲೆಯವನು. ಹೆಸರು ಒತ್ತಿದ ಕೂಡಲೇ ಯಂತ್ರಕ್ಕೆ ಹಳೆಯ ವಿವರವೆಲ್ಲ ಸಿಕ್ಕಿತು. ಬಲಭುಜ ಈಗ ಚಿಕಿತ್ಸೆಯಾದದ್ದು, ಅದರಿಂದ ಅಳತೆ ತೆಗೆಯುವಂತಿಲ್ಲ. ಇಂಥ ಸಂದರ್ಭದಲ್ಲಿ ಯಂತ್ರ ಮೊದಲು ಉಳಿಸಿಟ್ಟ ಅಳತೆಯನ್ನೇ ತೆಗೆದುಕೊಳ್ಳುತ್ತದೆ. ಮೊದಲು ಉಳಿಸಿಟ್ಟದ್ದು ಎಡಭುಜದ್ದು. ಹೀಗೆ ಅದು ಎಡಭುಜವನ್ನು ಎಡಭುಜಕ್ಕೇ ಹೋಲಿಸಿ ನೋಡಿತು. ನೂರಕ್ಕೆ ನೂರು ಹೊಂದಿತು. ಹಸಿರು.

ಅವತ್ತು ಸಂಜೆ ಹುಲಿಗೆಮ್ಮ ಮನೆಗೆ ಬಂದಾಗ ಯಮನೂರಪ್ಪ ಮಿರ್ಚಿ ಭಜಿ ತಂದು ಇಟ್ಟುಕೊಂಡು ಕಾಯುತ್ತಿದ್ದ. ಅಂಗಿ ಬಿಚ್ಚಿದ್ದ. ಅವಳು ಒಳಗೆ ಕಾಲಿಟ್ಟ ಕೂಡಲೇ ಎರಡೂ ಕೈಗಳನ್ನು ಸೂರಿನತ್ತ ಎತ್ತಿ ಪೈಲ್ವಾನನಂತೆ ಬಿಗಿ ಹಿಡಿದು ನಿಂತ.

"ನೋಡು, ಈಗ ಚಿಂತಿ ಬಿಡು. ಎರಡೂ ಸಾಫ್."

ಹುಲಿಗೆಮ್ಮ ಎಡಭುಜದ ಮೇಲೆ ಕೈ ಇಟ್ಟಳು. ಚರ್ಮ ಇನ್ನೂ ಬೆಚ್ಚಗಿತ್ತು. ಒತ್ತಿದಳು. ಏನೂ ಇಲ್ಲ.

"ಯಾರು ಮಾಡಿದ್ದು?" ಎಂದಳು.

"ವ್ಯಾನ್ ಬಂದಿತ್ತಲ್ಲ. ನೂರಕ್ಕ ನೂರು ಅಂದ ಆ ಹುಡುಗ. ನಿನ್ನ ಮಷೀನು ತೊಂಬತ್ತೆಂಟಷ್ಟೇ ಕೊಟ್ಟಿತ್ತು," ಎಂದು ಅವನು ನಕ್ಕ. ಅವಳ ಮುಖ ನೋಡಿ ಕೈ ಇಳಿಸಿದ. "ಯಾಕ? ಏನಾತು?"

ಅವಳು ಭಜಿಯ ಪೊಟ್ಟಣ ಪಕ್ಕಕ್ಕೆ ಸರಿಸಿ ಅವನೆದುರು ಕೂತಳು. ಆಮೇಲೆ ಹೇಳಿದಳು. ಜೋಡಿಸಿಟ್ಟಿದ್ದ ವಾಕ್ಯಗಳು ಯಾವುವೂ ಬರಲಿಲ್ಲ. ಬಂದ ಹಾಗೆ, ಹಿಂದುಮುಂದಾಗಿ, ಎರಡು ಚೌಕ, ಬಲ ಎಂದು ಒತ್ತಿದ್ದು, ಕೈಪಿಡಿ, ಎಳೆಗಳು, ಸೂಜಿ, ಹತ್ತರಲ್ಲಿ ಒಂಬತ್ತು, ಹತ್ತನೆಯದು. ತಾಯವ್ವ ಬಾಗಿಲಲ್ಲಿ ನಿಂತು ಕೇಳಿದಳು. ಅವಳ ಮಡಿಲಿನ ಶೇಂಗಾಕಾಯಿ ಒಂದೊಂದಾಗಿ ನೆಲಕ್ಕೆ ಉದುರುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

"ನಾ ತೆಗಸ್ಕೊ ಅಂದ್ನೆಲ್ಲೋ ಯಪ್ಪಾ," ಎಂದಳು ಮುದುಕಿ. "ನಾನೇ ಅಂದ್ನೆಲ್ಲೋ."

"ಸುಮ್ನಿರಬೇ ನೀ." ಯಮನೂರಪ್ಪ ಅಂಗಿ ತೊಟ್ಟುಕೊಂಡ. ಒಂದೊಂದಾಗಿ ಗುಂಡಿ ಹಾಕಿಕೊಂಡ. ಕೊನೆಯ ಗುಂಡಿಗೆ ಬಂದಾಗ ಹೇಳಿದ: "ನಾ ಎರಡೂ ಅಂದಿದ್ದೆ, ಅಲ್ಲೇನು?"

"ಹೌದ್ರಿ."

"ನೀ ತಪ್ಪು ಒತ್ತಿದ್ದು ಹೋಗ್ಲಿ. ಯಾರಾರ ಒತ್ತತಿದ್ರು. ಹತ್ತು ದಿನ, ಹುಲಿಗಿ. ಹತ್ತು ದಿನ ನನ್ನ ಮುಂದ ಕುಂತು ರೊಟ್ಟಿ ಹಾಕಿದಿ. ಒಂದು ಮಾತು ಅಂದಿದ್ರ ನಾ ಆ ವ್ಯಾನಿನ ಹತ್ರಾನೂ ಹೋಗ್ತಿದ್ದಿಲ್ಲ."

ಅವನು ಭಜಿಯ ಪೊಟ್ಟಣವನ್ನು ಅವಳ ಕಡೆ ಸರಿಸಿ, "ಆರಿಹೋದ್ವು, ತಿನ್ನು," ಎಂದು ಹೊರಗೆ ಹೋದ. ಅವಳು ತಿಂದಳು. ಅವನು ಹೇಳಿದ್ದನ್ನು ಮಾಡದೆ ಇರುವ ಧೈರ್ಯ ಅವಳಿಗೆ ಅವತ್ತು ಇರಲಿಲ್ಲ.

ನಾಲ್ಕು ದಿನಗಳ ಮೇಲೆ ನಗರದ ಪ್ರಯೋಗಾಲಯದಿಂದ ಪೆಟ್ಟಿಗೆ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಸೂಜಿ, ಮುಚ್ಚಳದ ಸೀಸೆ, ಮತ್ತು ಒಂದು ಪತ್ರ. ಸೂಕ್ಷ್ಮದರ್ಶಕ ನೋಡುವ ಆ ವಯಸ್ಸಾದ ಡಾಕ್ಟರು ತಮ್ಮ ಕೈಯಾರೆ ಬರೆದಿದ್ದರು. ಇಷ್ಟು ವರ್ಷಗಳ ಮೇಲೆ ಯಾರೋ ಒಬ್ಬರು ಕಣ್ಣಿನಿಂದ ನೋಡಿ ಹೇಳಿರೆಂದು ಕೇಳಿದ್ದಕ್ಕೆ ಸಂತೋಷವಾಯಿತು, ಆಪರೇಟರ್ ಅಮ್ಮನವರು ಅನುಮಾನಪಟ್ಟದ್ದು ಸರಿ, ತುಣುಕು ಕೈಸೇರಿದ ಮೂರು ದಿನಗಳಲ್ಲಿ ಖಚಿತವಾಗಿ ತಿಳಿಸುತ್ತೇನೆ ಎಂದು. ಡಾಕ್ಟರ್ ಶಶಿರೇಖಾ ಅದನ್ನು ಜೋರಾಗಿ ಓದಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಪತ್ರವನ್ನು ಹುಲಿಗೆಮ್ಮನ ಕೈಗೆ ಕೊಟ್ಟರು.

ಆ ಸೂಜಿ ವ್ಯರ್ಥವಾಗಲಿಲ್ಲ. ಕೈ ಎತ್ತಿಸಿ ನೋಡಿದಾಗ ಮೌಲಾಸಾಬನ ಎಡಭುಜದಲ್ಲಿಯೂ ಒಂದು ಉಬ್ಬು ಸಿಕ್ಕಿತ್ತು. ಅವನ ತುಣುಕು ನಗರಕ್ಕೆ ಹೋಗಿ, ಬರೀ ಕೊಬ್ಬು ಎಂದು ಉತ್ತರ ಬಂತು. ಗಿರಣಿಯಲ್ಲಿ ಎಲ್ಲರೂ ಯಮನೂರಪ್ಪನ ಬೆನ್ನು ತಟ್ಟಿದರು. ಅವನದೂ ಹಾಗೆಯೇ ಇದ್ದಿರಬೇಕು ಎಂದರು. ಹುಲಿಗೆಮ್ಮನೂ ಹೌದೆಂದು ತಲೆಯಾಡಿಸಿದಳು. ಆದರೆ ಮೌಲಾಸಾಬನ ಚಿತ್ರವನ್ನು ಅವಳು ನೋಡಿದ್ದಳು. ಅದರಲ್ಲಿನ ಎಳೆಗಳು ತೆಳ್ಳಗಿದ್ದವು.

ಆಸ್ಪತ್ರೆಯ ಯಂತ್ರದ ಪ್ರಶ್ನೆಗೆ ಈಗ 'ಎರಡೂ' ಎಂಬ ಮೂರನೆಯ ಚೌಕ ಬಂದಿದೆ. ವ್ಯಾನಿನಲ್ಲಿಯೂ ಬಂದಿದೆ. ಡಾಕ್ಟರು ಬರೆದ ವರದಿಯ ಕೆಳಗೆ ಹುಲಿಗೆಮ್ಮ ತನ್ನ ತಪ್ಪನ್ನು ತಾನೇ ಬರೆದು ಸಹಿ ಹಾಕಿದ್ದಳು. ಕೋಟು ಕಳಚಿಕೊಳ್ಳಲು ಯಾರೂ ಬರಲಿಲ್ಲ. ಬಂದಿದ್ದರೆ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ ಎಂದು ಅವಳಿಗೆ ಆಗಾಗ ಅನ್ನಿಸುತ್ತದೆ.

ಮೂರು ತಿಂಗಳಿಗೊಮ್ಮೆ ಯಮನೂರಪ್ಪನ ಎರಡೂ ಭುಜಗಳ ಚಿತ್ರ ತೆಗೆಯುತ್ತಾರೆ. ಗಂಟು ಇದ್ದಲ್ಲಿ ಬೇಳೆಯಷ್ಟು ಒಂದೊಂದು ಕಪ್ಪು ಕಲೆ ಕಾಣುತ್ತದೆ. ಅದು ಸುಟ್ಟು ಮಾಗಿದ ಗಾಯದ ಗುರುತಾಗಿರಬಹುದು, ಉಳಿದುಕೊಂಡ ಬೀಜವಾಗಿರಬಹುದು. ಅಷ್ಟು ಸಣ್ಣದರಲ್ಲಿ ಎರಡಕ್ಕೂ ಭೇದ ತಿಳಿಯುವುದಿಲ್ಲವೆಂದು ಡಾಕ್ಟರ್ ಶಶಿರೇಖಾ ಮುಚ್ಚಿಡದೆ ಹೇಳಿದ್ದಾರೆ. ಬೆಳೆದರೆ ತಿಳಿಯುತ್ತದೆ. ಇದುವರೆಗೆ ಬೆಳೆದಿಲ್ಲ. ಆರು ಸಲ ನೋಡಿಯಾಗಿದೆ, ಏಳನೆಯದು ಬರುವ ತಿಂಗಳು.

ಆ ಗಂಟುಗಳು ಬರೀ ಕೊಬ್ಬಾಗಿದ್ದವೋ, ಕೊಬ್ಬಿನ ವೇಷದಲ್ಲಿ ಬಂದ ಬೇರೆ ಏನೋ ಆಗಿದ್ದವೋ, ಇದನ್ನು ಬರೆಯುವ ಹೊತ್ತಿಗೆ ಯಾರಿಗೂ ಗೊತ್ತಿಲ್ಲ. ಇನ್ನು ಮುಂದೆ ಗೊತ್ತಾಗುತ್ತದೆಯೋ ಇಲ್ಲವೋ, ಅದೂ ಗೊತ್ತಿಲ್ಲ.